ಅಡ್ಮಿನ್ ಅಳಿಸಿದ ಮೆಸೇಜ್ ನಿಜವಾಗಿ ಅಳಿಸಿ ಹೋಗುತ್ತದಾ?

ಪ್ರಶ್ನೆ: ನಮ್ಮ ಅಡಿಕೆ ಬೆಳೆಗಾರರ ವಾಟ್ಸಾಪ್ ಗ್ರೂಪಿನಲ್ಲಿ ನಾನು ಹಾಕಿದ ಮೆಸೇಜನ್ನು ಅಡ್ಮಿನ್ ಡಿಲೀಟ್ ಮಾಡಿದ್ದಾರೆ. ವಾಪಸ್ ತರಬಹುದಾ? ಈಗ ಅದು ಯಾರಿಗೂ ಕಾಣುವುದಿಲ್ವಾ? (ತೀರ್ಥಹಳ್ಳಿ ಕಡೆಯ ಓದುಗರು)

ವಾಪಸ್ ತರಲು ಆಗುವುದಿಲ್ಲ. ಆದರೆ ಯಾರಿಗೂ ಕಾಣುವುದಿಲ್ಲ ಅನ್ನುವುದು ಅರ್ಧ ಮಾತ್ರ ನಿಜ.

ಬೇರೆಯವರ ಮೆಸೇಜನ್ನು ಎಲ್ಲರ ಫೋನಿನಿಂದ ಅಳಿಸುವ ಅಧಿಕಾರ ಅಡ್ಮಿನ್‌ಗೆ ಸಿಕ್ಕಿದ್ದು 2022ರಲ್ಲಿ. ಅಳಿಸಿದ ಜಾಗದಲ್ಲಿ ಅಡ್ಮಿನ್ ಅಳಿಸಿದ್ದಾರೆ ಎಂಬ ಒಂದು ಸಾಲು ಉಳಿಯುತ್ತದೆ. ಅಷ್ಟರೊಳಗೆ ಯಾರಾದರೂ ಫಾರ್ವರ್ಡ್ ಮಾಡಿದ್ದರೆ, ಸ್ಕ್ರೀನ್‌ಶಾಟ್ ತೆಗೆದಿದ್ದರೆ ಅದು ಹಾಗೇ ಇರುತ್ತದೆ. ಐಫೋನಿನ ಗ್ಯಾಲರಿಗೆ ಇಳಿದ ಫೋಟೋ ಕೂಡ ಉಳಿಯಬಹುದು.

ನಮ್ಮ ಕಡೆ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಕರೆಂಟ್ ಹೋಗಿ ಟವರ್ ಸತ್ತರೆ ಒಳಗಿನ ಊರುಗಳಿಗೆ ಎರಡು ಮೂರು ದಿನ ಮೆಸೇಜೇ ಬರುವುದಿಲ್ಲ. ತಲುಪದ ಮೆಸೇಜನ್ನು ವಾಟ್ಸಾಪ್ 30 ದಿನದವರೆಗೆ ಇಟ್ಟುಕೊಂಡಿರುತ್ತದೆ, ಅಷ್ಟರಲ್ಲಿ ಅಡ್ಮಿನ್ ಅಳಿಸಿದ್ದರೆ, ಗುಡ್ಡ ಹತ್ತಿ ನೆಟ್‌ವರ್ಕ್ ಹಿಡಿದವರಿಗೆ ಕಾಣುವುದು ಆ ಅಳಿಸಿದ ಸಾಲು ಮಾತ್ರ. ಏನಿತ್ತು, ಯಾಕೆ ತೆಗೆದರು, ಒಂದೂ ಗೊತ್ತಾಗುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. ನಾನಿರುವ ಗ್ರೂಪಿನಲ್ಲಿ ಒಬ್ಬರು ಅಡಿಕೆಯ ಕೊಳೆ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತಕ್ಕೆ (ಕಾಪರ್ ಸಲ್ಫೇಟ್) ಕಾಲು ಕಿಲೋ ಸುಣ್ಣ ಸಾಕು ಎಂದು ಬರೆದಿದ್ದರು. 100 ಲೀಟರ್ ನೀರಿಗೆ ಎರಡೂ ಒಂದೊಂದು ಕಿಲೋ ಬೇಕು, ಸುಣ್ಣ ಕಡಿಮೆಯಾದರೆ ಎಳೆ ಕಾಯಿ ಸುಟ್ಟುಹೋಗುತ್ತದೆ. ಅಡ್ಮಿನ್ ಅದನ್ನು ಸುಮ್ನೆ ಅಳಿಸಿದರು, ಏನೂ ಬರೆಯಲಿಲ್ಲ. ನಾನು ಅಷ್ಟರಲ್ಲಿ ಆ ತಪ್ಪು ಅಳತೆಯನ್ನೇ ಕ್ಯಾಲೆಂಡರ್ ಮೇಲೆ ಗೀಚಿಟ್ಟಿದ್ದೆ. ಮಾರನೇ ದಿನ ಡ್ರಮ್ಮಿನಲ್ಲಿ ಕದಡಿ, ಮರ ಹತ್ತಿ ಔಷಧಿ ಹೊಡೆಯುವ ಕೊನೆಗಾರರು ಕತ್ತಿ ಅದ್ದಿ ತೆಗೆದಾಗ ಅಲಗಿಗೆ ತಾಮ್ರದ ಕೆಂಪು ಹತ್ತಿತ್ತು. "ಸುಣ್ಣ ಸಾಲದು ಮಾರಾಯ್ರೆ" ಅಂದರು. ಅವರು ನೋಡದಿದ್ದರೆ ನನ್ನ ತೋಟದ ಗತಿ ಏನಾಗುತ್ತಿತ್ತೋ.

ಹಾಗಾಗಿ ಅಡ್ಮಿನ್‌ಗಳಲ್ಲಿ ನನ್ನ ಕೇಳಿಕೆ: ಅಳಿಸಿ, ಆದರೆ ಅದರ ಕೆಳಗೇ ಯಾಕೆ ಅಂತ ಒಂದು ಸಾಲು ಬರೆಯಿರಿ, ಅಳತೆ ತಪ್ಪಿದ್ದರೆ ಸರಿಯಾದದ್ದನ್ನೂ ಹಾಕಿ. ಜಗಳ ಜಾಸ್ತಿಯಾಯ್ತು ಅಂತ ಅಡ್ಮಿನ್ ಮಾತ್ರ ಬರೆಯುವ ಸೆಟ್ಟಿಂಗ್ ಹಾಕುವುದು ಬೇಡ, ಕೊಳೆ ಶುರುವಾಗುವ ಹೊತ್ತಿಗೆ ಜನ ಎಲ್ಲಿ ಕೇಳಬೇಕು?

ಪ್ರಶ್ನೆ ಕೇಳಿದ ನೀವು ಅಡ್ಮಿನ್‌ಗೆ ಒಂದು ಫೋನ್ ಮಾಡಿ ಯಾಕೆ ತೆಗೆದರು ಅಂತ ಕೇಳಿ, ಮುಖ್ಯ ವಿಷಯವಾಗಿದ್ದರೆ ತಿದ್ದಿ ಮತ್ತೆ ಹಾಕಿ. ಇನ್ನು ನೀವೇ ಹಾಕಿದ್ದನ್ನು ಎಲ್ಲರ ಫೋನಿನಿಂದ ತೆಗೆಯಲು ನಿಮಗಿರುವುದು ಎರಡೂವರೆ ದಿನ. "ನನಗೆ ಮಾತ್ರ" ಅನ್ನುವುದನ್ನು ಒತ್ತಿದರೆ ನಿಮ್ಮ ಫೋನಿನಲ್ಲಷ್ಟೇ ಹೋಗುತ್ತದೆ, ಉಳಿದವರು ಓದುತ್ತಲೇ ಇರುತ್ತಾರೆ.