ನಾಜಿಗಳು ಗಂಡು ಹೆಣ್ಣು ಅಂತ ನೋಡ್ಲಿಲ್ಲ, ಮತ್ತೆ ಹೆಂಗಸರ ಅನುಭವ ಅಂತ ಬೇರೆ ರಿಸರ್ಚ್ ಯಾಕೆ?

ಈ ಪ್ರಶ್ನೆ ಹೊಸದೇನಲ್ಲ, ನಾಜಿ ಕಾಲದ ಬಗ್ಗೆ ಏನೇ ಬರೆದ್ರೂ ಯಾರಾದ್ರೊಬ್ರು ಕೇಳೇ ಕೇಳ್ತಾರೆ. ಈ ಸಲ ಕೇಳಿದವರ ಮಾತಲ್ಲೇ ಹೇಳ್ತೀನಿ: "ಹಿಟ್ಲರ್ ಕಡೆಯವರು ಯಹೂದಿಗಳನ್ನ ಯಹೂದಿಗಳು ಅನ್ನೋ ಒಂದೇ ಕಾರಣಕ್ಕೆ ಕೊಂದ್ರು, ಗಂಡು ಹೆಣ್ಣು ಅಂತ ನೋಡ್ಲಿಲ್ಲ. ಮತ್ತೆ ಮಹಿಳೆಯರ ಅನುಭವ ಅಂತ ಬೇರೆ ರಿಸರ್ಚ್ ಮಾಡೋದು ಈಗಿನ ಯೂನಿವರ್ಸಿಟಿ ಫ್ಯಾಷನ್ ಅಲ್ವಾ?"

ಫ್ಯಾಷನ್ ಮಾತು ಆಮೇಲೆ ನೋಡೋಣ. ಮೊದಲನೇ ಅರ್ಧ ಸರಿಯಾಗೇ ಇದೆ, ಕೊಲ್ಲೋ ತೀರ್ಮಾನದಲ್ಲಿ ಭೇದ ಇರ್ಲಿಲ್ಲ. ಆದ್ರೆ ಆ ತೀರ್ಮಾನ ಒಬ್ಬೊಬ್ಬರ ಮನೆ ಬಾಗಿಲಿಗೆ ಬಂದ ರೀತಿ ಒಂದೇ ಆಗಿರ್ಲಿಲ್ಲ. 1938ರ ನವೆಂಬರ್‌ನಲ್ಲಿ ಜರ್ಮನಿಯ ಯಹೂದಿ ಪ್ರಾರ್ಥನಾ ಮಂದಿರ ಸಿನಗಾಗ್‌ಗಳಿಗೆ ಬೆಂಕಿ ಇಟ್ಟು ಸುಮಾರು 30,000 ಯಹೂದಿಗಳನ್ನ ಹಿಡ್ಕೊಂಡು ಕ್ಯಾಂಪ್‌ಗಳಿಗೆ ತಳ್ಳಿದಾಗ ಹಿಡಿದದ್ದು ಗಂಡಸರನ್ನೇ. ಗಂಡ ದೇಶ ಬಿಟ್ಟು ಹೋಗ್ತಾನೆ ಅಂತ ಪೇಪರ್ ತೋರಿಸಿದ್ರೆ ಬಿಡ್ತಿದ್ರು, ಸೋ ವೀಸಾಗೆ ಅಂತ ಕಾನ್ಸುಲೇಟ್ ಮುಂದೆ ಕ್ಯೂ ನಿಂತಿದ್ದು, ಮನೆ ಸಾಮಾನು ಮಾರಿದ್ದು, ಪೊಲೀಸ್ ಆಫೀಸಿಗೆ ಅಲೆದಿದ್ದು ಎಲ್ಲಾ ಹೆಂಡ್ತಿಯರು. ಇದನ್ನ ಯಾರೂ ಪ್ರತಿರೋಧ ಅಂತ ಬರೀಲಿಲ್ಲ, ಸಂಸಾರದ ತಾಪತ್ರಯದ ಲೆಕ್ಕಕ್ಕೆ ಹಾಕಿಬಿಟ್ರು.

ಇನ್ನೊಂದು ಕಡೆ ನೋಡಿ, ಪೋಲೆಂಡ್‌ನಲ್ಲಿದ್ದ ನಾಜಿ ಸಾವಿನ ಕ್ಯಾಂಪ್ ಆಶ್‌ವಿಟ್ಜ್‌ನ ರೈಲು ಪ್ಲಾಟ್‌ಫಾರ್ಮ್. ಕೆಲಸಕ್ಕೆ ಆಗೋರು ಒಂದು ಸಾಲು, ಆಗದೇ ಇರೋರು ಇನ್ನೊಂದು ಸಾಲು. ಇಪ್ಪತ್ತೈದು ವರ್ಷದ ಗಟ್ಟಿಮುಟ್ಟಾದ ಹೆಂಗಸಿನ ಕಂಕುಳಲ್ಲಿ ಮಗು ಇದ್ರೆ ಅವಳು ಮಗು ಜೊತೆ ಸೀದಾ ಗ್ಯಾಸ್ ಚೇಂಬರ್‌ಗೆ. ಅದೇ ವಯಸ್ಸಿನ ಅವಳ ಗಂಡನಿಗೆ ಕೆಲಸದ ಸಾಲಲ್ಲಿ ನಿಲ್ಲೋ ಒಂದು ಚಾನ್ಸ್ ಇತ್ತು. ಅಲ್ಲಿ ಸಾಮಾನು ಇಳಿಸ್ತಿದ್ದ ಹಳೇ ಕೈದಿಗಳು ಸಣ್ಣ ದನಿಯಲ್ಲಿ "ಮಗೂನ ಅಜ್ಜಿ ಕೈಗೆ ಕೊಡು, ಕೊಡು" ಅಂತ ಪಿಸುಗುಡ್ತಿದ್ರಂತೆ, ಬದುಕಿ ಬಂದವರ ಹೇಳಿಕೆಗಳಲ್ಲಿ ಇದು ಮತ್ತೆ ಮತ್ತೆ ಬರುತ್ತೆ. ಯಾಕೆ ಹಾಗೆ ಹೇಳ್ತಿದಾರೆ ಅಂತ ಆ ತಾಯಿಗೆ ಅರ್ಥ ಆಗೋ ಹೊತ್ತಿಗೆ ಸಾಲು ಮುಂದೆ ಹೋಗಿರ್ತಿತ್ತು.

ಉಲ್ಟಾ ಕೂಡ ಇದೆ. ಪೋಲೆಂಡ್‌ನ ಘೆಟ್ಟೋಗಳ, ಅಂದ್ರೆ ಯಹೂದಿಗಳನ್ನ ಕೂಡಿಹಾಕಿದ್ದ ಕೇರಿಗಳ ಮಧ್ಯೆ ಸುದ್ದಿ, ಸುಳ್ಳು ಗುರುತಿನ ಚೀಟಿ, ಕೊನೆಗೆ ಪಿಸ್ತೂಲು ತನಕ ಸಾಗಿಸಿದವರಲ್ಲಿ ಹುಡುಗೀರೇ ಜಾಸ್ತಿ. ಧೈರ್ಯ ಜಾಸ್ತಿ ಇತ್ತು ಅಂತಲ್ಲ, ಯಹೂದಿ ಗಂಡಸರಿಗೆ ಸುನ್ನತಿ ಆಗಿರ್ತಿತ್ತು, ಪ್ಯಾಂಟ್ ಬಿಚ್ಚಿಸಿ ನೋಡಿದ್ರೆ ಮುಗೀತು. ಹುಡುಗಿಗೆ ಆ ಗುರುತಿಲ್ಲ, ಪೋಲಿಷ್ ಭಾಷೆ ಚೆನ್ನಾಗಿ ಬಂದ್ರೆ ರೈಲಲ್ಲಿ ಪಾರಾಗಬಹುದಿತ್ತು. ಇಷ್ಟಕ್ಕೇ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಸಿಕ್ತು ಅನ್ಕೋತೀನಿ, ಆದ್ರೆ ನಂಗೆ ಇನ್ನರ್ಧಾನೇ ಮುಖ್ಯ, ಅದಕ್ಕೆ ಒಬ್ಬರ ಕಥೆ ಹೇಳ್ಲೇಬೇಕು.

ಅವರ ಹೆಸರು ಜರ್ಮೇನ್ ತಿಯೋಂ. (ಸ್ಪೆಲಿಂಗ್ ನೋಡಿ ಟಿಲಿಯನ್ ಅಂತ ಓದೋರು ಬಹಳ, ನಾನೂ ಓದ್ತಿದ್ದೆ.) ಹುಟ್ಟಿದ್ದು 1907, ಫ್ರಾನ್ಸ್‌ನಲ್ಲಿ. ಮಾರ್ಸೆಲ್ ಮೋಸ್ ಹತ್ರ ಪಾಠ ಕಲಿತ ಮಾನವಶಾಸ್ತ್ರಜ್ಞೆ, 1934ರಿಂದ 1940ರ ನಡುವೆ ನಾಲ್ಕು ಸಲ ಅಲ್ಜೀರಿಯಾದ ಔರೆಸ್ ಬೆಟ್ಟಗಳಿಗೆ ಹೋಗಿ ಅಲ್ಲಿನ ಬರ್ಬರ್ ಜನರ ಮಧ್ಯೆ ಇದ್ದು ಯಾರು ಯಾರಿಗೆ ಏನಾಗ್ಬೇಕು, ಮದುವೆ ಯಾರ ಜೊತೆ, ಜಮೀನು ಯಾರದು ಅಂತ ನೋಟ್ಸ್ ಬರ್ಕೊಂಡವರು. 1940ರ ಜೂನ್‌ನಲ್ಲಿ ಪ್ಯಾರಿಸ್‌ಗೆ ವಾಪಸ್ ಬಂದ್ರು, ಕೆಲವೇ ದಿನದಲ್ಲಿ ಊರು ಜರ್ಮನ್ ಸೈನ್ಯದ ಕೈಗೆ ಹೋಯ್ತು. ಕೂಡಲೇ ಪ್ರತಿರೋಧದ ಕೆಲಸಕ್ಕೆ ಇಳಿದ್ರು, ಆಮೇಲೆ ಮ್ಯೂಸೆ ದ ಲೋಮ್ ನೆಟ್‌ವರ್ಕ್ ಅಂತ ಹೆಸರಾದ ಗುಂಪು, ಅಂದ್ರೆ ಮಾನವ ಮ್ಯೂಸಿಯಂನ ಸಂಶೋಧಕರು, ಲೈಬ್ರರಿಯವರು ಸೇರ್ಕೊಂಡು ಕಟ್ಟಿದ್ದು. ಅದರಲ್ಲಿ ಏಳು ಜನ ಗಂಡಸರನ್ನ 1942ರ ಫೆಬ್ರವರಿ 23ರಂದು ಮೋಂ-ವಾಲೇರಿಯಾಂ ಕೋಟೆಯಲ್ಲಿ ಗುಂಡಿಟ್ಟು ಕೊಂದ್ರು. ತಿಯೋಂ ಅವರನ್ನ ಹಿಡ್ಕೊಟ್ಟಿದ್ದು ಒಬ್ಬ ಪಾದ್ರಿ, ರೋಬೆರ್ ಅಲೆಶ್, ಜರ್ಮನ್ನರಿಂದ ದುಡ್ಡು ತಿಂತಿದ್ದವನು. 1942ರ ಆಗಸ್ಟ್ 13ಕ್ಕೆ ಪ್ಯಾರಿಸ್‌ನ ಗಾರ್ ದ ಲಿಯೋಂ ಸ್ಟೇಷನ್‌ನಲ್ಲಿ ಅರೆಸ್ಟ್. ಅವರ ತಾಯಿ ಎಮಿಲೀನೂ ಬಿಡ್ಲಿಲ್ಲ.

1943ರ ಅಕ್ಟೋಬರ್‌ನಲ್ಲಿ ರಾವೆನ್ಸ್‌ಬ್ರೂಕ್. ಬರ್ಲಿನ್‌ನಿಂದ ಉತ್ತರಕ್ಕೆ ಸುಮಾರು 90 ಕಿಲೋಮೀಟರ್, ಕೆರೆ ಪಕ್ಕದ ಜಾಗ, 1939ರಲ್ಲಿ ಹೆಂಗಸರಿಗೆ ಅಂತಾನೇ ಶುರು ಮಾಡಿದ ಕಾನ್ಸಂಟ್ರೇಶನ್ ಕ್ಯಾಂಪ್. ಆರು ವರ್ಷದಲ್ಲಿ 30ಕ್ಕಿಂತ ಜಾಸ್ತಿ ದೇಶಗಳ ಸುಮಾರು 1,20,000 ಹೆಂಗಸರು ಮಕ್ಕಳು ಅಲ್ಲಿಗೆ ಬಂದ್ರು, ಯಹೂದಿಗಳು ಮಾತ್ರ ಅಲ್ಲ, ಪೋಲೆಂಡಿನ ರಾಜಕೀಯ ಕೈದಿಗಳು, ರೋಮಾ ಜನ, ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದವರು, ನಾಜಿಗಳು "ಸಮಾಜಕ್ಕೆ ಬೇಡದವರು" ಅಂತ ಬಟ್ಟೆಗೆ ಕಪ್ಪು ತ್ರಿಕೋನ ಹೊಲಿಸಿದ ಬಡ ಹೆಂಗಸರು. ತಿಯೋಂ ಸೂಟ್‌ಕೇಸಲ್ಲಿ ಏನಿತ್ತು ಗೊತ್ತಾ, ಅಲ್ಜೀರಿಯಾದ ಥೀಸಿಸ್ ನೋಟ್ಸ್. ಕ್ಯಾಂಪಲ್ಲಿ ಕಿತ್ಕೊಂಡ್ರು, ಅದು ವಾಪಸ್ ಸಿಗ್ಲೇ ಇಲ್ಲ.

ಥೀಸಿಸ್ ಹೋಯ್ತು, ಆದ್ರೆ ಫೀಲ್ಡ್‌ವರ್ಕ್ ಅಭ್ಯಾಸ ಎಲ್ಲಿಗೆ ಹೋಗುತ್ತೆ. ಈ ಜಾಗ ಹೆಂಗೆ ನಡೀತಿದೆ, ಯಾರಿಗೆ ಲಾಭ ಅಂತ ಕೇಳೋಕೆ ಶುರು ಮಾಡಿದ್ರು. ಆಫೀಸ್ ಕೆಲಸಕ್ಕೆ ಹಾಕಿದ್ದ ಕೈದಿಗಳಿಂದ ಒಂದೊಂದೇ ಅಂಕಿ ಸಂಖ್ಯೆ ಕಲೆಹಾಕಿ, ಒಬ್ಬ ಹೆಂಗಸನ್ನ ಕಾರ್ಖಾನೆಗೆ ದಿನಕ್ಕೆ ಇಷ್ಟು ಅಂತ ಬಾಡಿಗೆಗೆ ಕೊಟ್ರೆ ಕ್ಯಾಂಪ್ ನಡೆಸ್ತಿದ್ದ ನಾಜಿ ಪಡೆ ಎಸ್‌ಎಸ್‌ಗೆ ಎಷ್ಟು ಬರುತ್ತೆ, ಅವಳ ಗಂಜಿ-ಬ್ರೆಡ್‌ಗೆ ಎಷ್ಟು ಹೋಗುತ್ತೆ, ಸಾಯೋ ತನಕ ಎಷ್ಟು ದುಡಿಸಬಹುದು ಅಂತ ಲೆಕ್ಕ ಹಾಕಿ 1944ರ ಮಾರ್ಚ್‌ನಲ್ಲಿ ಜೊತೆಯವರಿಗೆ ಕದ್ದು ಒಂದು ಲೆಕ್ಚರ್ ಕೊಟ್ರು. ಬ್ಯಾರಕ್ ಒಳಗೆ, ಹೇನು ಮುತ್ಕೊಂಡಿರೋ ಹೆಂಗಸರಿಗೆ, ಕ್ಯಾಂಪ್‌ನ ಅರ್ಥಶಾಸ್ತ್ರದ ಪಾಠ! ಇದರಿಂದ ಹೊಟ್ಟೆ ತುಂಬ್ತಾ ಅಂತ ಕೇಳಬಹುದು. ಇಲ್ಲ. ಆದ್ರೆ ನಮ್ಮನ್ನ ತಿಂತಿರೋದು ಹುಚ್ಚುತನ ಅಲ್ಲ, ಒಂದು ವ್ಯವಹಾರ, ಅದಕ್ಕೆ ಹೆಡ್‌ಆಫೀಸ್ ಇದೆ, ಜಮಾ-ಖರ್ಚು ಇದೆ ಅಂತ ಗೊತ್ತಾದ್ರೆ ಅದನ್ನ ಎದುರಿಸೋ ಶಕ್ತಿ ಬರುತ್ತೆ ಅನ್ನೋದು ಅವರ ನಂಬಿಕೆ.

ಈಗ ತಿಯೋಂ ಕ್ಯಾಂಪಲ್ಲೇ ಬರೆದ ಆಪೆರೆಟಾ, ಅಂದ್ರೆ ಹಾಡಿನ ತಮಾಷೆ ನಾಟಕದ ವಿಷಯ. ತಿಯೋಂ ಫರ್‌ಫ್ಯೂಗ್ಬಾರ್ ಅನ್ನೋ ಗುಂಪಿನವರು, ಜರ್ಮನ್‌ನಲ್ಲಿ "ಸಿಗುವಂಥವರು" ಅಂತ ಅರ್ಥ, ಅಂದ್ರೆ ಯಾವ ಕೆಲಸಕ್ಕೂ ಪರ್ಮನೆಂಟಾಗಿ ಹಾಕಿಲ್ಲ, ಬೆಳಿಗ್ಗೆ ಕೈಗೆ ಸಿಕ್ಕವರನ್ನ ಅತೀ ಕೆಟ್ಟ ಕೆಲಸಕ್ಕೆ ಎಳ್ಕೊಂಡು ಹೋಗೋದು. 1944ರ ಅಕ್ಟೋಬರ್‌ನಲ್ಲಿ ಲೂಟಿ ಸಾಮಾನು ರೈಲಿಂದ ಇಳಿಸೋ ಜಾಗದಲ್ಲಿ ಜೊತೆಯವರು ಇವರನ್ನ ಒಂದು ದೊಡ್ಡ ಪ್ಯಾಕಿಂಗ್ ಪೆಟ್ಟಿಗೆ ಒಳಗೆ ಅಡಗಿಸಿಟ್ಟು ತಾವು ಕೆಲಸ ಮಾಡಿದ್ರು, ಇವರು ಒಳಗೆ ಕೂತ್ಕೊಂಡು ನೋಟ್‌ಬುಕ್‌ನಲ್ಲಿ ಹಾಡು-ಮಾತಿನ ಒಂದು ನಾಟಕ ಬರೆದ್ರು. ಒಬ್ಬ ಪ್ರಾಣಿಶಾಸ್ತ್ರದ ಮೇಷ್ಟ್ರು ಬಂದು ಫರ್‌ಫ್ಯೂಗ್ಬಾರ್ ಅನ್ನೋ ವಿಚಿತ್ರ ಜೀವಿ ಬಗ್ಗೆ ಗಂಭೀರವಾಗಿ ಉಪನ್ಯಾಸ ಕೊಡ್ತಾನೆ, ಆ ಜೀವಿಗಳು ಎಲ್ಲರಿಗೂ ಗೊತ್ತಿರೋ ಹಳೇ ಟ್ಯೂನ್‌ಗಳಿಗೆ ಹೊಸ ಸಾಹಿತ್ಯ ಹಾಕಿ ಹಾಡ್ತವೆ. ಅದರಲ್ಲೊಂದು ಕಡೆ ಒಬ್ಬಳು ನಾನು ಒಂದು ಮಾಡೆಲ್ ಕ್ಯಾಂಪಿಗೆ ಹೋಗ್ತೀನಿ, ಅಲ್ಲಿ ಎಲ್ಲಾ ಸೌಕರ್ಯ ಇದೆ, ನೀರು, ಗ್ಯಾಸ್, ಕರೆಂಟು ಅಂತಾಳೆ. ಹಿಮ್ಮೇಳದವರು ಕೂಡಲೇ, ಗ್ಯಾಸ್ ಅಂತೂ ಇದ್ದೇ ಇದೆ ಅಂತಾರೆ. ಇದನ್ನ ಕೇಳಿ ನಗ್ತಿದ್ದವರು ತಮ್ಮ ಸರದಿ ಯಾವತ್ತೋ ಅಂತ ಕಾಯ್ತಿದ್ದವರು, ಅದನ್ನ ಮನಸ್ಸಲ್ಲಿಟ್ಕೊಂಡು ಇನ್ನೊಂದ್ಸಲ ಓದಿ.

ಅಡುಗೆ ವಿಷಯಕ್ಕೆ ಬರ್ತೀನಿ, ನಂಗೆ ಇದೇ ಬಹಳ ಕಾಡೋದು. ಹಸಿವಲ್ಲಿ ಸಾಯ್ತಿರೋ ಹೆಂಗಸರು ಕ್ಯಾಂಪ್‌ಗಳಲ್ಲಿ ರೆಸಿಪಿ ಹೇಳ್ಕೊಳ್ತಿದ್ರು, ಇಷ್ಟು ಬೆಣ್ಣೆ, ಇಷ್ಟು ಮೊಟ್ಟೆ, ನಮ್ಮನೇಲಿ ಹಬ್ಬಕ್ಕೆ ಹೀಗೆ ಮಾಡ್ತಿದ್ವಿ ಅಂತ. ಟೆರೆಜಿನ್ ಘೆಟ್ಟೋದಲ್ಲಿ ಇದನ್ನ ಬಾಯಲ್ಲೇ ಅಡುಗೆ ಮಾಡೋದು ಅಂತಿದ್ರಂತೆ. ಚೂರುಪಾರು ಕಾಗದದಲ್ಲಿ ಬರ್ದೂ ಇಡ್ತಿದ್ರು. ಕಾವಲಿನವಳ ಕಣ್ಣಿಗೆ ಬಿದ್ರೂ ಹೆಂಗಸರ ಅಡುಗೆಮನೆ ಮಾತು ಅಷ್ಟೇ, ಇನ್ನೇನಿರುತ್ತೆ ಅದರಲ್ಲಿ. ತಿಯೋಂ ಅಲ್ಲೇ ಕೈ ಹಾಕಿದ್ದು. ಕ್ಯಾಂಪಿನ ಮುಖ್ಯ ಎಸ್‌ಎಸ್ ಅಧಿಕಾರಿಗಳ ಹೆಸರುಗಳನ್ನ ಕೋಡ್ ಮಾಡಿ ರೆಸಿಪಿ ರೂಪದಲ್ಲಿ ಬರೆದಿಟ್ಟು ಆಚೆಗೆ ತಂದ್ರು. ಜೊತೆಗೆ ಒಂದು ಫೋಟೋ ರೀಲ್, ಇನ್ನೂ ತೊಳೆದಿರದ್ದು. ಪೋಲೆಂಡಿನ ಎಪ್ಪತ್ತಕ್ಕೂ ಹೆಚ್ಚು ಹೆಂಗಸರ ಕಾಲನ್ನ ಕೊಯ್ದು, ಗಾಯಕ್ಕೆ ಸೋಂಕು ಹತ್ತಿಸಿ ನಾಜಿ ಡಾಕ್ಟರ್‌ಗಳು ಪ್ರಯೋಗ ಮಾಡಿದ್ರಲ್ಲ, "ಮೊಲಗಳು" ಅಂತ ಕ್ಯಾಂಪಲ್ಲಿ ಅವರಿಗೆ ಹೆಸರು, ಕದ್ದು ತಂದ ಕ್ಯಾಮೆರಾದಲ್ಲಿ ಅವರೇ ತೆಗೆದ ತಮ್ಮ ಕಾಲುಗಳ ಫೋಟೋ ಅದು. ಅವರು ರೀಲನ್ನ ಇವರ ಕೈಗೆ ಕೊಟ್ರು, ಇವರು ಬಿಡುಗಡೆ ಆಗೋವರೆಗೂ ಮೈಯಲ್ಲಿ ಬಚ್ಚಿಟ್ಕೊಂಡಿದ್ರು. 1945ರ ಏಪ್ರಿಲ್ 23ಕ್ಕೆ ಸ್ವೀಡನ್ನಿನ ರೆಡ್ ಕ್ರಾಸ್‌ನವರು ಇವರನ್ನ ಕರ್ಕೊಂಡು ಹೋದ್ರು. ಸ್ವೀಡನ್ ತಲುಪಿದವರು ರೆಸ್ಟ್ ತಗೊಳ್ಬೇಕಿತ್ತು ತಾನೇ? ಇವರು ಪಕ್ಕದ ಬೆಡ್‌ನವರನ್ನ ನೀನು ಯಾವ ರೈಲಲ್ಲಿ ಬಂದೆ, ನಿನ್ನ ನಂಬರ್ ಎಷ್ಟು, ನಿನ್ನ ಜೊತೆ ಬಂದವರಲ್ಲಿ ಯಾರು ಉಳಿದಿದಾರೆ ಅಂತ ಕೇಳ್ತಾ ಕೂತ್ರು.

ತಾಯಿ ಎಮಿಲೀ ಉಳಿದಿರ್ಲಿಲ್ಲ. 1944ರ ಫೆಬ್ರವರಿಯಲ್ಲಿ ಅವರನ್ನೂ ಅದೇ ಕ್ಯಾಂಪಿಗೆ ತಂದಿದ್ರು, 1945ರ ಮಾರ್ಚ್ 2ರಂದು ಗ್ಯಾಸ್ ಹಾಕಿ ಕೊಂದ್ರು. 69 ವರ್ಷ.

ಇಲ್ಲಿಂದ ಮುಂದೆ ನಡೆದದ್ದು ರಿಸರ್ಚ್ ಅಂದ್ರೆ ಏನು ಅಂತ ಕೇಳೋರಿಗೆ. ರಾವೆನ್ಸ್‌ಬ್ರೂಕ್‌ನ ಗ್ಯಾಸ್ ಚೇಂಬರ್ 1945ರ ಶುರುವಿಗೆ ತರಾತುರಿಯಲ್ಲಿ ಮಾಡಿದ್ದು, ಕೆಲವೇ ತಿಂಗಳಲ್ಲಿ ಸುಮಾರು 5,000-6,000 ಜನರನ್ನ ಅಲ್ಲಿ ಕೊಂದಿದಾರೆ ಅಂತ ಅಂದಾಜು, ಓಡಿಹೋಗೋ ಮುಂಚೆ ಎಸ್‌ಎಸ್‌ನವರೇ ಅದನ್ನ ಕೆಡವಿ ಗುರುತು ಅಳಿಸಿದ್ರು. 1968ರಲ್ಲಿ ಓಲ್ಗಾ ವರ್ಮ್ಸರ್-ಮಿಗೋ ಅನ್ನೋ ಫ್ರೆಂಚ್ ಇತಿಹಾಸಕಾರ್ತಿ, ಸುಮ್ನೆ ಯಾರೋ ಅಲ್ಲ, ಕ್ಯಾಂಪ್‌ಗಳ ಬಗ್ಗೆ ಬಹಳ ಕೆಲಸ ಮಾಡಿದವರೇ, ತಮ್ಮ ಥೀಸಿಸ್‌ನಲ್ಲಿ ರಾವೆನ್ಸ್‌ಬ್ರೂಕ್‌ನಲ್ಲಿ ಗ್ಯಾಸ್ ಚೇಂಬರ್ ಇತ್ತು ಅನ್ನೋದನ್ನ ಒಪ್ಪಲಿಲ್ಲ. ತಾಯಿ ಸತ್ತ ಜಾಗ ಇರ್ಲೇ ಇಲ್ಲ ಅಂದ್ರೆ ನಾನಾಗಿದ್ರೆ ಬೈದು ಬಿಡ್ತಿದ್ದೆ. ತಿಯೋಂ ಬೈಲಿಲ್ಲ, ಮತ್ತೆ ಹೇಳಿಕೆಗಳನ್ನ ಒಂದಕ್ಕೊಂದು ತಾಳೆ ನೋಡಿದ್ರು, ಕ್ಯಾಂಪಿನ ಎರಡನೇ ಅಧಿಕಾರಿ ಶ್ವಾರ್ತ್ಸ್‌ಹೂಬರ್ ಯುದ್ಧ ಮುಗಿದ ಮೇಲೆ ತಾನೇ ಕೊಟ್ಟ ತಪ್ಪೊಪ್ಪಿಗೆ ಇತ್ತು, ಅದನ್ನೂ ಸೇರಿಸಿ 1973ರಲ್ಲಿ ರಾವೆನ್ಸ್‌ಬ್ರೂಕ್ ಬಗ್ಗೆ ತಮ್ಮ ಹಳೇ ಪುಸ್ತಕಾನ ಹೊಸದಾಗೇ ಬರೆದ್ರು. 1946ರ ಪುಸ್ತಕ, 1973ರಲ್ಲಿ ಒಂದ್ಸಲ, 1988ರಲ್ಲಿ ಮತ್ತೊಂದ್ಸಲ, ಹೆಸರು ಅದೇ, ಒಳಗಿರೋದು ಬೇರೆ ಬೇರೆ. ಕಣ್ಣಾರೆ ನೋಡಿದವಳು ನಾನು ಅಂತ ಸುಮ್ನಿರೋ ಹಕ್ಕು ಅವರಿಗಿತ್ತು, ಅದನ್ನ ಬಳಸ್ಕೊಳ್ಲಿಲ್ಲ.

ಈಗ ಫ್ಯಾಷನ್ ಮಾತು. ನಿಮ್ಮ ಆಕ್ಷೇಪಣೆಯನ್ನ ನಿಮಗಿಂತ ಮುಂಚೆ ದೊಡ್ಡ ದೊಡ್ಡವರೇ ಎತ್ತಿದಾರೆ. 1983ರಲ್ಲಿ ನ್ಯೂಯಾರ್ಕ್‌ನಲ್ಲಿ ಜೋನ್ ರಿಂಗೆಲ್‌ಹೈಮ್ ಅನ್ನೋ ಸಂಶೋಧಕಿ ಹಾಲೋಕಾಸ್ಟ್‌ನಿಂದ, ಅಂದ್ರೆ ನಾಜಿಗಳು ನಡೆಸಿದ ಯಹೂದಿ ನರಮೇಧದಿಂದ, ಬದುಕಿ ಬಂದ ಹೆಂಗಸರ ಬಗ್ಗೆ ಒಂದು ಕಾನ್ಫರೆನ್ಸ್ ಮಾಡಿದಾಗ, ಇದರಿಂದ ಯಹೂದಿಗಳ ದುರಂತವನ್ನ ಹೆಣ್ಣು-ಗಂಡಿನ ಜಗಳ ಮಾಡ್ತಿದೀರಿ ಅನ್ನೋ ಥರದ ಟೀಕೆ ಬಂತು. ರಿಂಗೆಲ್‌ಹೈಮ್ ಬಗ್ಗೆ ನಂಗೆ ಗೌರವ ಹೆಚ್ಚಾಗಿದ್ದು ಆಮೇಲೆ. ಹೆಂಗಸರು ಕ್ಯಾಂಪಲ್ಲಿ ಒಬ್ಬರಿಗೊಬ್ರು ಅಕ್ಕತಂಗೀರ ಥರ ಆಗಿ ಬದುಕಿದ್ರು ಅಂತ ಮೊದಲು ಬರೆದಿದ್ದವರು, 1985ರಲ್ಲಿ ತಮ್ಮ ಮಾತನ್ನ ತಾವೇ ವಾಪಸ್ ತಗೊಂಡ್ರು: ನಾನು ಚಂದ ಮಾಡಿ ಹೇಳಿದೆ, ಸ್ನೇಹ ಇತ್ತು ಆದ್ರೆ ಸ್ನೇಹದಿಂದ ಗ್ಯಾಸ್ ನಿಲ್ಲಲಿಲ್ಲ, ಸತ್ತವರನ್ನೂ ಲೆಕ್ಕಕ್ಕೆ ತಗೋಬೇಕಿತ್ತು ಅನ್ನೋ ಅರ್ಥದಲ್ಲಿ. ಅವರ ಇಂಟರ್ವ್ಯೂಗಳಲ್ಲಿ ಒಬ್ಬ ಹೆಂಗಸು, ಸಣ್ಣವಳಿದ್ದಾಗ ತನ್ನನ್ನ ಬಚ್ಚಿಟ್ಟಿದ್ದ ಮನೆಯವರ ಕಡೆಯ ಗಂಡಸರೇ ತನಗೆ ಲೈಂಗಿಕ ಕಿರುಕುಳ ಕೊಟ್ಟಿದ್ದನ್ನ ಹೇಳಿ, ಇದು ಮುಖ್ಯಾನಾ ಅಂತ ಕೇಳ್ತಾಳೆ. ಅಷ್ಟು ಜನ ಸತ್ತಿರುವಾಗ ಇದೊಂದು ವಿಷಯಾನಾ ಅಂತ ಅವಳಿಗೇ ಅನುಮಾನ. ಕೇಳೋರು ಇಲ್ದಿದ್ರೆ ಇಂಥವು ಹೊರಗೇ ಬರಲ್ಲ. ರಾವೆನ್ಸ್‌ಬ್ರೂಕ್‌ನಿಂದ ಬೇರೆ ಕ್ಯಾಂಪ್‌ಗಳ ವೇಶ್ಯಾಗೃಹಗಳಿಗೆ ಸಾಗಿಸಿದ ಹೆಂಗಸರದ್ದೂ ಇದೇ ಕಥೆ, ದಶಕಗಟ್ಟಲೆ ಬಾಯಿ ಬಿಡ್ಲಿಲ್ಲ, ಯಾಕಂದ್ರೆ ಬಿಟ್ರೆ ಮರ್ಯಾದೆ ಹೋಗೋದು ಅವರದ್ದೇ.

ನೂರ್ ಇನಾಯತ್ ಖಾನ್ ಬಗ್ಗೆ ಯಾಕೆ ಬರೀಲಿಲ್ಲ ಅಂತ ಕೇಳೋರು ಇದ್ದೇ ಇರ್ತೀರಿ, ನಮ್ಮ ಟಿಪ್ಪು ವಂಶದ ಕುಡಿ ಅಂತ ನಮಗೆ ಅಭಿಮಾನ. ನಿಜ, ಬ್ರಿಟಿಷ್ ಗೂಢಚಾರಿಣಿಯಾಗಿ ಪ್ಯಾರಿಸ್‌ನಿಂದ ಲಂಡನ್ನಿಗೆ ವೈರ್‌ಲೆಸ್ ಕಳಿಸ್ತಿದ್ದವರು, 1944ರ ಸೆಪ್ಟೆಂಬರ್‌ನಲ್ಲಿ ಡಾಖಾವ್ ಕ್ಯಾಂಪಲ್ಲಿ ಗುಂಡಿಟ್ಟು ಕೊಂದ್ರು, ಜೊತೆಗೆ ಇನ್ನೂ ಮೂವರು ಹೆಂಗಸರನ್ನ. ಆ ಮೂವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ವೈರ್‌ಲೆಸ್ಸು, ಪಿಸ್ತೂಲು ಇದ್ರೆ ಕಥೆ ಸುಲಭ, ಅದೂ ರಾಜಕುಮಾರಿ ಆದ್ರೆ ಇನ್ನೂ ಸುಲಭ. ಫ್ರಾನ್ಸ್ ದೇಶದ್ದೂ ಅದೇ ಕಣ್ಣು. ಪ್ರತಿರೋಧಕ್ಕೆ ಅಂತ ಸ್ವತಂತ್ರ ಫ್ರಾನ್ಸ್ ಹೋರಾಟದ ನಾಯಕ ದ ಗಾಲ್ ಕೊಟ್ಟ ಅತೀ ದೊಡ್ಡ ಗೌರವ, ಕಂಪ್ಯಾನಿಯನ್ ಆಫ್ ದಿ ಲಿಬರೇಶನ್, 1,038 ಜನರಿಗೆ ಸಿಕ್ತು, ಅದರಲ್ಲಿ ಹೆಂಗಸರು 6. ತಿಯೋಂ ಆ ಆರರಲ್ಲಿ ಇಲ್ಲ. 2015ರಲ್ಲಿ ಫ್ರಾನ್ಸ್ ತನ್ನ ಮಹನೀಯರನ್ನ ಗೌರವಿಸೋ ಸ್ಮಾರಕ ಪಾಂಥೆಯನ್‌ಗೆ ಸೇರಿಸಿದ್ರು, ಅಷ್ಟರಲ್ಲಿ ಅವರು ಹೋಗಿ ಏಳು ವರ್ಷ ಆಗಿತ್ತು.

ಆ ಪೆಟ್ಟಿಗೆ ಒಳಗೆ ಬರೆದ ನಾಟಕ ಏನಾಯ್ತು ಅಂದ್ರೆ, ನೋಟ್‌ಬುಕ್ಕನ್ನ ಜೊತೆಯವರೊಬ್ರು ಕ್ಯಾಂಪಿನಿಂದ ಆಚೆ ತಂದ್ರು, ತಿಯೋಂ ಅದನ್ನ ಹಾಗೇ ಇಟ್ಕೊಂಡಿದ್ರು. ಪ್ರಿಂಟ್ ಮಾಡ್ಸೋಕೆ ಅವರಿಗೆ ಮನಸ್ಸಿರ್ಲಿಲ್ಲ, ಓದಿದ ಜನ ಇವರು ಅಲ್ಲಿ ಹಾಡ್ಕೊಂಡು ಮಜವಾಗಿದ್ರು ಅನ್ಕೊಂಡುಬಿಟ್ರೆ ಅನ್ನೋ ಭಯ. ಪುಸ್ತಕವಾಗಿ ಬಂದಿದ್ದು 2005ರಲ್ಲಿ. ಸ್ಟೇಜ್ ಮೇಲೆ ಬಂದಿದ್ದು 2007ರಲ್ಲಿ, ಪ್ಯಾರಿಸ್‌ನ ಶಾಟ್ಲೆ ಥಿಯೇಟರ್‌ನಲ್ಲಿ, ಬರೆದವರಿಗೆ ನೂರು ತುಂಬಿದಾಗ.