ಥಾ ಸ್ಲಂಪ್: ಹಿಂದಕ್ಕೆ ಸರಿಯುವ ಕುಸಿತ ನಕ್ಷೆಯಲ್ಲಿ

ಕನಿಷ್ಠ 2 ವರ್ಷ ಸತತವಾಗಿ 0 ಡಿಗ್ರಿ ಸೆಲ್ಸಿಯಸ್‌ ದಾಟದ ನೆಲಕ್ಕೆ ಪರ್ಮಾಫ್ರಾಸ್ಟ್ ಎಂದು ಹೆಸರು. ಒಳಗೆ ಮಂಜುಗಡ್ಡೆ ತುಂಬಿದ ಇಂಥ ಇಳಿಜಾರನ್ನು ನದಿಯೋ ಕಡಲಲೆಯೋ ಕೊರೆದರೆ ಗಡ್ಡೆ ಬಯಲಾಗಿ ಬೇಸಿಗೆಯಲ್ಲಿ ಕರಗುತ್ತದೆ, ಮಣ್ಣು ಕೆಸರಾಗಿ ಕೆಳಗಿಳಿಯುತ್ತದೆ. ಅದರ ಹಿಂಬದಿಯ ಮಂಜುಗಡ್ಡೆ ಹೊರಬಿದ್ದು ಅದೂ ಕರಗುತ್ತದೆ. ಹೀಗೆ ಇಳಿಜಾರಿನ ಮೇಲ್ಭಾಗವನ್ನು ತಿನ್ನುತ್ತಾ ಹೋಗುವ ಕುಸಿತವೇ ಥಾ ಸ್ಲಂಪ್. ಸೈಬೀರಿಯಾದ ಬಾಟಗಾಯ್ ಕುಸಿತ ಎಲ್ಲಕ್ಕಿಂತ ಪ್ರಸಿದ್ಧ. ಕೆನಡಾದ ಪೀಲ್ ಪ್ರಸ್ಥಭೂಮಿಯಲ್ಲಿ ಇಂಥವು ಹೇರಳ. ಕಡಿದಾದ ತಲೆಗೋಡೆ, ಕೆಸರಿನ ತಳ, ಕಣಿವೆಗೆ ಚಾಚಿದ ಕೆಸರು ನಾಲಿಗೆ, ಇವು ಥಾ ಸ್ಲಂಪ್‌ನ ಭಾಗಗಳು.

ಜಿಐಎಸ್‌ನಲ್ಲಿ, ಅಂದರೆ ಭೌಗೋಳಿಕ ಮಾಹಿತಿಯ ನಕ್ಷೆ ತಂತ್ರಾಂಶದಲ್ಲಿ, ಇದನ್ನು ಗುರುತಿಸಲು ಮೊದಲು ಸೆಂಟಿನೆಲ್-2 ಉಪಗ್ರಹದ ಚಿತ್ರ ಬೇಕು, ಅದೂ ಜುಲೈ-ಆಗಸ್ಟ್‌ನದು. ಜೂನ್‌ನಲ್ಲಿ ತಲೆಗೋಡೆಯ ಬುಡದಲ್ಲಿ ಹಿಮ ಉಳಿದಿದ್ದು ಅಂಚು ಮುಚ್ಚಿಹೋಗಬಹುದು. ಅರ್ಧ ಹೆಕ್ಟೇರಿನ ಕುಸಿತ ಒಂದು ಪಿಕ್ಸೆಲ್ 10 ಮೀಟರ್ ಅಗಲವಿರುವ ಈ ಚಿತ್ರದಲ್ಲಿ ಸುಮಾರು 50 ಪಿಕ್ಸೆಲ್. ಅದರಲ್ಲಿ ಅರ್ಧದಷ್ಟು ಅಂಚಿನವೇ, ಹುಲ್ಲೂ ಕೆಸರೂ ಬೆರೆತವು. ಸಣ್ಣ ಕುಸಿತದ ವಿಸ್ತೀರ್ಣವನ್ನು ಈ ಚಿತ್ರದಿಂದ ನಂಬಿ ಕೊಡಬಾರದು.

ಬರಿ ಬಣ್ಣವೂ ಸಾಲದು. ಸುಟ್ಟ ಟಂಡ್ರಾ, ನದಿಯ ಮರಳು ದಿಬ್ಬ, ಎರಡೂ ಹಸಿರಿಲ್ಲದ ನೆಲವೇ. ಆದರೆ ಬೆಂಕಿ ನೆಲವನ್ನು 10 ಮೀಟರ್ ತಗ್ಗಿಸುವುದಿಲ್ಲ. ಹಾಗಾಗಿ 2 ಮೀಟರ್ ರೆಸಲ್ಯೂಶನ್‌ನ ಆರ್ಕ್ಟಿಕ್‌ಡೆಮ್ ಎಂಬ, ಆರ್ಕ್ಟಿಕ್ ನೆಲದ ಎತ್ತರದ ದತ್ತಾಂಶದಲ್ಲಿ ಹೊಸದರಿಂದ ಹಳೆಯದನ್ನು ಕಳೆಯಬೇಕು: ತಲೆಗೋಡೆ ಸರಿದ ಜಾಗ ಋಣ, ನಾಲಿಗೆ ಧನ. ಇದಕ್ಕೆ ದಿನಾಂಕವಿರುವ ಸ್ಟ್ರಿಪ್‌ಗಳನ್ನೇ, ಅಂದರೆ ಬಿಡಿ ಪಟ್ಟಿಗಳನ್ನೇ ಬಳಸಿ. ಪಟ್ಟಿಗಳನ್ನು ಜೋಡಿಸಿದ ಮೊಸಾಯಿಕ್‌ನಲ್ಲಿ ಹಲವು ದಿನಾಂಕಗಳು ಬೆರೆತಿರುತ್ತವೆ. ಕಳೆಯುವ ಮುನ್ನ ಬಂಡೆಯಂಥ ಕದಲದ ನೆಲದ ಮೇಲೆ ಎರಡನ್ನೂ ಹೊಂದಿಸಿಕೊಳ್ಳಿ. 10 ಹೆಕ್ಟೇರ್ ಕುಸಿತದಲ್ಲಿ ಎತ್ತರ 1 ಮೀಟರ್ ತಪ್ಪಿದರೂ 1 ಲಕ್ಷ ಘನ ಮೀಟರ್ ಸುಳ್ಳು ಮಣ್ಣು ಲೆಕ್ಕಕ್ಕೆ ಸೇರುತ್ತದೆ. ಕೆರೆಗಳ ಮೇಲಿನ ಎತ್ತರವೂ ನಂಬಿಕೆಗೆ ಅರ್ಹವಲ್ಲ, ಮಾಸ್ಕ್ ಹಾಕಿ, ಅಂದರೆ ಆ ಜಾಗ ಮುಚ್ಚಿ, ಲೆಕ್ಕದಿಂದ ತೆಗೆಯಿರಿ.

ಆರ್ಕ್ಟಿಕ್‌ಡೆಮ್ ಬರುವುದು ಇಪಿಎಸ್‌ಜಿ 3413 ಎಂಬ ಸಂಖ್ಯೆಯ ಧ್ರುವೀಯ ಪ್ರೊಜೆಕ್ಷನ್‌ನಲ್ಲಿ. ದುಂಡನೆಯ ಭೂಮಿಯನ್ನು ಸಮತಟ್ಟು ನಕ್ಷೆಗೆ ಇಳಿಸುವ ಕ್ರಮವೇ ಪ್ರೊಜೆಕ್ಷನ್. ಅದರ ಅಳತೆ ಸರಿಯಿರುವುದು 70 ಡಿಗ್ರಿ ಅಕ್ಷಾಂಶದಲ್ಲಿ. 60 ಡಿಗ್ರಿಯಲ್ಲಿ ವಿಸ್ತೀರ್ಣ ಸುಮಾರು 8% ಹೆಚ್ಚಾಗಿ ಬರುತ್ತದೆ. ವಿಸ್ತೀರ್ಣ ಕೆಡಿಸದ ಸಮಕ್ಷೇತ್ರ ಪ್ರೊಜೆಕ್ಷನ್‌ಗೆ ಬದಲಿಸಿಯೇ ಅಳೆಯಿರಿ.

ಕುಸಿತದ ಗಡಿಯಾಗಿ ಎಳೆದ ಪಾಲಿಗನ್‌ನ ಅಟ್ರಿಬ್ಯೂಟ್ ಟೇಬಲ್‌ನಲ್ಲಿ, ಅಂದರೆ ಅದರ ವಿವರಗಳ ಪಟ್ಟಿಯಲ್ಲಿ, ಚಿತ್ರದ ದಿನಾಂಕ ಕಡ್ಡಾಯ. ಕುಸಿತ ಸಕ್ರಿಯವೋ, ಪೊದೆ ಬೆಳೆದು ನಿಂತುಹೋಗಿದೆಯೋ ಎಂಬುದೂ ಇರಲಿ. ಗಡಿ ಬದಲಾದಾಗ ಹಳೆಯ ಪಾಲಿಗನ್ ಅಳಿಸಬೇಡಿ, ಹಿಂದೆ ಸರಿದ ವೇಗ ಸಿಗುವುದು ಎರಡು ಗಡಿಗಳ ನಡುವಿನ ಅಂತರದಿಂದಲೇ. ಭಾಗಿಸುವಾಗ ದಿನಗಳನ್ನಲ್ಲ, ಬೇಸಿಗೆಗಳನ್ನು ಎಣಿಸಿ. 2018ರ ಆಗಸ್ಟ್ ಕೊನೆಯಿಂದ 2021ರ ಜೂನ್ ಆರಂಭದವರೆಗೆ 27 ಮೀಟರ್ ಸರಿದಿದ್ದರೆ, ಕ್ಯಾಲೆಂಡರ್ ಸುಮಾರು 3 ವರ್ಷ ಎನ್ನುತ್ತದೆ, ವರ್ಷಕ್ಕೆ 9 ಮೀಟರ್ ಆಯಿತು. ಗೋಡೆ ಕರಗಿದ ಪೂರ್ಣ ಬೇಸಿಗೆಗಳು ಮಾತ್ರ 2. ನಿಜವಾದ ವೇಗ ಬೇಸಿಗೆಗೆ 13.5 ಮೀಟರಿನ ಆಸುಪಾಸು.