ಬಸಿಯದ ನೀರೇ ಸಾಸ್

ಒಂದೇ ಪಾತ್ರೆಯಲ್ಲಿ ಸಾಸೇಜ್ ಪಾಸ್ಟಾ ಮಾಡಿದವರು ನನ್ನ ಹತ್ತಿರ ಹೇಳುವ ದೂರು ಎರಡೇ. ಅಂಟಂಟಾಯಿತು, ಇಲ್ಲವೇ ನೀರುನೀರಾಯಿತು. ಎರಡಕ್ಕೂ ಕಾರಣ ನೀರಿನ ಅಳತೆ. ಸಪ್ಪೆ ಅನ್ನಿಸಿದರೆ ಮಾತ್ರ ಎಡವಿದ್ದು ಬೇರೆ ಕಡೆ, ಸಾಸೇಜ್ ಹುರಿಯುವಾಗ.

ಹಸಿ ಸಾಸೇಜ್ ಆದರೆ ಸಿಪ್ಪೆ ಸೀಳಿ, ಒಳಗಿನದನ್ನು ಬೆರಳಲ್ಲಿ ಚಿವುಟಿ ಹಾಕಿ. ಒರಟು ಅಂಚುಗಳೆಲ್ಲ ಚೆನ್ನಾಗಿ ಕೆಂಪಗಾಗುತ್ತವೆ. ಬೆಂದ ಸಾಸೇಜ್ ಆದರೆ ಬಿಲ್ಲೆ ಕತ್ತರಿಸಿದರೆ ಸಾಕು. 250 ಗ್ರಾಂ ಸಾಸೇಜಿಗೆ ಅಗಲವಾದ ಪಾತ್ರೆ, ಒಂದು ಚಮಚ ಎಣ್ಣೆ, ಸ್ವಲ್ಪ ಜೋರು ಉರಿ. ಹಾಕಿದ ಮೇಲೆ ಮೂರು ನಿಮಿಷ ಸೌಟು ಮುಟ್ಟಬೇಡಿ. ಸುಮ್ನೆ ಕೆದಕುತ್ತಾ ಇದ್ದರೆ ಮಾಂಸ ಬಿಟ್ಟ ನೀರಲ್ಲೇ ಬೇಯುತ್ತದೆ, ಹುರಿಯುವುದಿಲ್ಲ. ಹುರಿದ ಘಮ ಬರಲು ಸುಮಾರು 140 ಡಿಗ್ರಿ ಬಿಸಿ ಬೇಕು. ತಳದಲ್ಲಿ ನೀರಿರುವ ತನಕ ಬಿಸಿ 100ರ ಆಸುಪಾಸಲ್ಲೇ ನಿಲ್ಲುತ್ತದೆ. ಕಿವಿಗೊಟ್ಟು ಕೇಳಿ. ಮೊದಲು ಕೊತಕೊತ ಸದ್ದು, ನೀರು ಆರಿದ ಮೇಲೆ ಚಟಚಟ. ಆ ಸದ್ದು ಬದಲಾದ ಮೇಲೆ ತಿರುವಿ.

ಆಮೇಲೆ ಈರುಳ್ಳಿ, ಬೆಳ್ಳುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ 400 ಗ್ರಾಂ ಡಬ್ಬಿ ಟೊಮೆಟೊ ಸುರಿದು, ತಳಕ್ಕೆ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಅರ್ಧ ರುಚಿ ಅಲ್ಲೇ ಇದೆ. ಕಪ್ಪಾಗಿದ್ದರೆ ಮಾತ್ರ ಕೆರೆಯಬೇಡಿ, ಎಲ್ಲಾ ಕಹಿಯಾಗುತ್ತದೆ.

ಈಗ 250 ಗ್ರಾಂ ಪೆನ್ನೆ (ಕೊಳವೆಯಂಥ ಪಾಸ್ಟಾ) ಅಥವಾ ಫುಸಿಲಿ (ಸುರುಳಿ ಪಾಸ್ಟಾ), 500 ಮಿಲಿಲೀಟರ್ ಬಿಸಿನೀರು. ಇಷ್ಟು ಕಮ್ಮಿ ಸಾಕಾ ಅಂತ ಅನ್ನಿಸುತ್ತದೆ ಅಲ್ವಾ? ಸಾಕು. ಪಾಸ್ಟಾ ಬೇಯುವಾಗ ಗಂಜಿ ಬಿಡುತ್ತದೆ. ಬೇರೆ ಪಾತ್ರೆಯಲ್ಲಿ ಬೇಯಿಸಿದರೆ ಆ ಗಂಜಿ ಬಸಿದ ನೀರಿನ ಜೊತೆ ಮೋರಿಗೆ ಹೋಗುತ್ತದೆ. ಇಲ್ಲಿ ಅದು ಪಾತ್ರೆಯಲ್ಲೇ ಉಳಿದು, ಸಾಸೇಜಿನ ಕೊಬ್ಬನ್ನೂ ಟೊಮೆಟೊ ರಸವನ್ನೂ ಬೆಸೆಯುತ್ತದೆ. ಮೊದಲ ಎರಡು ನಿಮಿಷ ಕೈ ಬಿಡದೆ ತಿರುವಿ, ಪಾಸ್ಟಾ ಒಂದಕ್ಕೊಂದು ಅಂಟುವುದು ಆಗಲೇ. ನಂತರ ಉರಿ ತಗ್ಗಿಸಿ, ಮುಚ್ಚಳ ಓರೆ ಮಾಡಿ, ಆಗಾಗ ತಳ ಮುಟ್ಟಿ ಕೈಯಾಡಿಸಿ. ಪೊಟ್ಟಣದ ಮೇಲೆ ಬರೆದ ಸಮಯಕ್ಕಿಂತ ಎರಡು ಮೂರು ನಿಮಿಷ ಜಾಸ್ತಿ ಹಿಡಿಯಬಹುದು.

ನಾನು ಹೊಸದಾಗಿ ಅಡುಗೆಮನೆ ಸೇರಿದಾಗ ಎಂಟು ಜನಕ್ಕೆ ಇದನ್ನೇ ಮಾಡಲು ಹೋಗಿ ಎಲ್ಲವನ್ನೂ ಸರಿಯಾಗಿ ದುಪ್ಪಟ್ಟು ಮಾಡಿದೆ. ಆಗಿದ್ದು ಸೂಪು. ಪಾಸ್ಟಾ ಹೀರುವ ನೀರು ದುಪ್ಪಟ್ಟಾಗುತ್ತದೆ ನಿಜ, ಆದರೆ ಆವಿಯಾಗಿ ಹೋಗುವುದು ಪಾತ್ರೆಯ ಬಾಯಿಯ ಅಗಲಕ್ಕೆ ತಕ್ಕಷ್ಟೇ. ಅಂದಿನಿಂದ ದೊಡ್ಡ ಅಳತೆಗೆ ಲೆಕ್ಕಕ್ಕಿಂತ ಒಂದು ಲೋಟ ಕಮ್ಮಿ ಹಾಕಿ, ಪಕ್ಕದಲ್ಲಿ ಬಿಸಿನೀರು ಇಟ್ಟುಕೊಳ್ಳುತ್ತೇನೆ.

ಉಪ್ಪು ಕೊನೆಗೆ. ಸಾಸೇಜಲ್ಲೇ ಸಾಕಷ್ಟು ಇರುತ್ತದೆ, ನೀರು ಬತ್ತಿದಷ್ಟೂ ಅದು ಎದ್ದು ಕಾಣುತ್ತದೆ. ಪಾಲಕ್ ಹಾಕುವುದಿದ್ದರೆ ಕೊನೆಯ ಒಂದು ನಿಮಿಷದಲ್ಲಿ.

ಇನ್ನೂ ಸ್ವಲ್ಪ ತೆಳ್ಳಗಿದೆ ಅನ್ನಿಸುವಾಗಲೇ ಉರಿ ಆರಿಸಿ. ಸೌಟು ಎಳೆದರೆ ತಳ ಒಂದು ಕ್ಷಣ ಕಂಡು, ಸಾಸ್ ನಿಧಾನವಾಗಿ ಮುಚ್ಚಿಕೊಳ್ಳಬೇಕು, ಆ ಹದ. ಕುದಿ ನಿಂತ ಮೇಲೆ ಚೀಸ್ ಬೆರೆಸಿ. ಕುದಿಯುವಾಗ ಹಾಕಿದರೆ ಎಳೆ ಎಳೆಯಾಗಿ ಎಣ್ಣೆ ಬಿಡುತ್ತದೆ. ಮೂರು ನಿಮಿಷ ಮುಚ್ಚಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ಉಳಿದರೆ ಫ್ರಿಜ್ಜಿನಲ್ಲಿಡಿ. ಮರುದಿನ ಕಲ್ಲಿನಂತಾಗಿರುತ್ತದೆ, ಹೆದರಬೇಡಿ. ಎರಡು ಮೂರು ಚಮಚ ನೀರು ಚಿಮುಕಿಸಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಸಡಿಲವಾಗುತ್ತದೆ.